ಕತ್ತರಿ ಮಾವನ ಆನೆ

ಪಾಳುಬಿದ್ದ ಆ ಹಳೇ ತೋಟಕ್ಕೆ ಅಳತೆಗಾರನಾಗಿ ಬಂದ ಮೊದಲ ವಾರದಲ್ಲೇ ಅವನು ಒಂದು ಮಹಾ ಸಂಶೋಧನೆ ಮಾಡಿಬಿಟ್ಟ. ನಡುದಾರಿಯ ಪಕ್ಕ, ಬೇಲಿಗಿಡವನ್ನೇ ಕತ್ತರಿಸಿ ರೂಪಿಸಿದ ಆನೆಯೊಂದು ಸೊಂಡಿಲೆತ್ತಿ ನಿಂತಿತ್ತು. ಅದರ ಹಿಂದೆ ಕರಡಿ, ಮೊಲ, ಬಾತುಕೋಳಿ. ಆನೆ ಎಂದರೆ ತೋಟ ಮಾಡಿಸಿದ ದೊರೆಯ ಗಾಂಭೀರ್ಯ, ಕರಡಿ ಎಂದರೆ ಶೌರ್ಯ ಎಂದು ಅರ್ಥ ಹಚ್ಚಿದ. ಬಾತುಕೋಳಿಗೆ ಏನೂ ಹೊಳೆಯದೆ 'ದೊರೆಮಗಳ ಕೋಮಲತೆ' ಎಂದು ಬರೆದು ವರದಿಯನ್ನು ಕಚೇರಿಗೆ ಕಳಿಸಿದ. ತನ್ನ ಸಂಬಳಕ್ಕೆ ಇಷ್ಟು ಬುದ್ಧಿ ಹೆಚ್ಚೇ ಆಯಿತೆಂದು ಒಳಗೊಳಗೇ ಬೀಗಿದ.

ಆಮೇಲೆ, ಎಲೆ ಗುಡಿಸುತ್ತಿದ್ದ ಮುದಿ ಮಾಲಿಯನ್ನು ಸುಮ್ಮನೆ ಕೇಳಿದ. ಎಲ್ಲರೂ ಅವನನ್ನು ಕತ್ತರಿ ಮಾವ ಎನ್ನುತ್ತಿದ್ದರು.

"ಮಾವ, ಈ ಕರಡಿ ಯಾವ ಕಾಲದ್ದು?"

"ಅದಾ? ಮೊದ್ಲು ಹಸು ಇತ್ತು. ಕೊಂಬು ಒಣಗೋಯ್ತು, ಹೋಗ್ಲಿ ಅಂತ ಕರಡಿ ಮಾಡ್ದೆ."

ಅಳತೆಗಾರನ ಕೈಲಿದ್ದ ಟೇಪು ಸರಕ್ಕನೆ ಡಬ್ಬಿಯೊಳಗೆ ಓಡಿಹೋಯಿತು. ಅವನಿಗೂ ಹಾಗೇ ಓಡಿಹೋಗಬೇಕೆನಿಸಿತು.

ಮಾವ ಹರೆಯದಲ್ಲಿ ಕೆಲಸಕ್ಕೆ ಸೇರಿದಾಗ ತೋಟದ ತುಂಬ ಮಾಲಿಗಳಿದ್ದರಂತೆ. ಒಬ್ಬೊಬ್ಬರೇ ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕಾರಂಜಿ ಕೆಟ್ಟಿತು, ಗೇಟಿನ ಬೋರ್ಡು ಕಳಚಿ ಬಿತ್ತು. ಉಳಿದದ್ದು ಮಾವ ಮತ್ತು ಅವನ ಕತ್ತರಿ. ಬೇಸರ ಕಳೆಯಲು ಒಂದು ಮೊಲ ಮಾಡಿದ. ಕಿವಿ ಬೆಳೆದು ಮೊಲ ಕತ್ತೆಯಾಯಿತು, ಬೈದುಕೊಂಡು ಮತ್ತೆ ಮೊಲ ಮಾಡಿದ. ಆನೆಗಂತೂ ವರ್ಷಾನುಗಟ್ಟಲೆ ಹಿಡಿಯಿತು. ಸೊಂಡಿಲಿನೊಳಗೆ ಈಗಲೂ ಆಧಾರಕ್ಕೆ ಕಟ್ಟಿದ ಹಳೇ ಸೈಕಲ್ಲಿನ ಹ್ಯಾಂಡಲ್ ಇದೆ.

"ಮೊಮ್ಮಗನ ಕೂದ್ಲು ಒಂಚೂರು ಕತ್ತರಿಸಿ ಅಂದ್ರೆ ಕೈನೋವು. ಇಲ್ಲಿ ನೋಡಿದ್ರೆ ಕರಡಿಗೆ ಕ್ಷೌರ!" ಎಂದು ಮಾವನ ಹೆಂಡತಿ ದಿನವೂ ಊಟದ ಡಬ್ಬಿ ಕುಕ್ಕಿ ಹೋಗುತ್ತಿದ್ದಳು.

ಅಳತೆಗಾರನ ವರದಿ ಮರಳಿ ಬಂತು. ಬಾತುಕೋಳಿಯ ಪಕ್ಕ ಕೆಂಪು ಶಾಯಿಯಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ. ಜೊತೆಗೆ ತೋಟದ ಮೂಲ ನಕ್ಷೆ, ಅದರಂತೆಯೇ ಎಲ್ಲ ಆಗಬೇಕೆಂಬ ಹುಕುಂ. ನಕ್ಷೆಯಲ್ಲಿ ಬೇಲಿ ಸೊಂಟದೆತ್ತರ, ಗೆರೆ ಎಳೆದಷ್ಟು ನೇರ. ಅಳತೆಗಾರ ಗೂಟ ನೆಟ್ಟು ದಾರ ಬಿಗಿದ.

"ದಾರ ಆನೆ ಹೊಟ್ಟೆ ಮೇಲೇ ಹೋಗ್ತದಲ್ಲ ಮಾರಾಯ," ಎಂದ ಮಾವ.

"ಹೌದು ಮಾವ. ಅದರ ಮೇಲಿರೋದೆಲ್ಲ ಹೋಗ್ಬೇಕಂತೆ. ಮೆಷಿನ್‌ನವರನ್ನ ಕರೆಸ್ತಾರಂತೆ."

ಮಾವನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಕತ್ತರಿಯ ತಿರುಪನ್ನೇ ತಿರುವುತ್ತಿದ್ದ. "ಮೆಷಿನ್ನು ಗಿಷಿನ್ನು ಬೇಡ. ನನ್ನ ಆನೇನ ನಾನೇ ಇಳಿಸ್ತೀನಿ. ಒಂದೇ ಏಟಿಗೆ ಕಡಿದ್ರೆ ಗಿಡ ಒಣಗುತ್ತೆ, ನಿಧಾನಕ್ಕೆ ಆಗ್ಲಿ."

ಗಿಡಕ್ಕೆ ತಡೆಯುವುದಿಲ್ಲವೋ, ಮಾವನಿಗೆ ತಡೆಯುವುದಿಲ್ಲವೋ, ಅಳತೆಗಾರ ಕೆದಕಲಿಲ್ಲ.

ಸೊಂಡಿಲು ಹೋದ ಮೇಲೆ ಆನೆ ಕುದುರೆಯಾಯಿತು. ಕತ್ತು ಹೋಗಿ ಹಂದಿಯಾಯಿತು. ಹಂದಿ ತಗ್ಗಿ ಕುರಿ. ಪ್ರತಿ ಸಲವೂ ಮಾವ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಕಿವಿ ತಿದ್ದುತ್ತಿದ್ದ.

"ಹೆಂಗೂ ಹೋಗೋದಕ್ಕೆ ಕಿವಿ ಯಾಕೆ ಮಾವ?"

"ಇರೋವರೆಗೂ ಮರ್ಯಾದೆಯಾಗಿರ್ಲಿ."

ಕಚೇರಿಯ ನಿರ್ದೇಶಕರು ಪರಿಶೀಲನೆಗೆ ಬಂದ ದಿನ ಬೇಲಿಯೆಲ್ಲ ನೇರವಾಗಿತ್ತು, ಕರಡಿ ಬಾತುಕೋಳಿಗಳೂ ಅದರಲ್ಲಿ ಕರಗಿದ್ದವು. ಆನೆಯಿದ್ದ ಜಾಗದಲ್ಲಿ ಮಾತ್ರ ದಾರದ ಮೇಲೆ ಆಮೆಯೊಂದು ಬೆನ್ನು ತೋರಿಸಿಕೊಂಡು ಕೂತಿತ್ತು. ನಿರ್ದೇಶಕರು ಅದನ್ನು ನೋಡಿದರು, ಮಾವನನ್ನು ನೋಡಿದರು.

"ಏನ್ರೀ, ಇಷ್ಟು ವರ್ಷ ಆನೆ, ಕರಡಿ ಅಂತ ಆಡ್ಕೊಂಡು ಕೂತಿದ್ರಲ್ಲ, ಯಾರನ್ನ ಕೇಳಿ ಮಾಡಿದ್ರಿ?"

ಮಾವ ಆಮೆಯ ತಲೆಯನ್ನು ಕಚಕ್ಕನೆ ಕತ್ತರಿಸಿ, ಎಲೆ ಕೊಡವಿ ನೆಟ್ಟಗೆ ನಿಂತ.

"ಕೇಳ್ಬೇಕು ಅಂತಾನೇ ಇದ್ದೆ ಸ್ವಾಮಿ. ನೀವ್ಯಾರೂ ಬರ್ಲೇ ಇಲ್ವಲ್ಲ."