ಮುಲಾಖತ್ತಿನಲ್ಲಿ ಆಡದ ಮಾತು

ಯಲಬುರ್ಗಾ ಸೀಮೆಯಲ್ಲಿ ಯಾರ ಮನೆಯ ಗಂಡಸು ಜೈಲಿಗೆ ಹೋದರೂ ಆ ಮನೆಯ ಹೆಂಗಸರು ನನ್ನ ಬಾಗಿಲಿಗೆ ಬರುತ್ತಿದ್ದರು. ನಾನೇನು ದೊಡ್ಡ ಮನುಷ್ಯಳಲ್ಲ. ಕಚೇರಿಯ ಜವಾನನ ಮಗಳು, ಗಂಡ ಸತ್ತ ಮೇಲೆ ತವರಿಗೆ ಬಂದು ಬಿದ್ದವಳು. ಕಚೇರಿಯ ಹಿಂದಿನ ಓಣಿಯಲ್ಲಿ ಬೆಳೆದದ್ದರಿಂದ ಉರ್ದು ನಾಲಿಗೆಯ ಮೇಲಿತ್ತು, ಅಷ್ಟೇ. ನಿಜಾಮನ ರಾಜ್ಯದಲ್ಲಿ ನಮ್ಮ ಕನ್ನಡಕ್ಕೆ ಕಚೇರಿಯಲ್ಲೂ ಕಿಮ್ಮತ್ತಿರಲಿಲ್ಲ, ಜೈಲಿನಲ್ಲೂ ಇರಲಿಲ್ಲ.

ಕೈದಿಯನ್ನು ಕಾಣುವುದಕ್ಕೆ ಮುಲಾಖತ್ತು ಎನ್ನುತ್ತಿದ್ದರು. ಕಬ್ಬಿಣದ ಜಾಲರಿಯ ಆಚೆ ಕೈದಿ, ಈಚೆ ಮನೆಯವರು, ಮಗ್ಗುಲಲ್ಲಿ ಕಾವಲಿನ ಜಮಾದಾರ. ತಾಯಿ ಮಗನನ್ನು ಉಂಡೆಯಾ ಎಂದು ಕೇಳಿದರೂ ಅದು ಜಮಾದಾರನಿಗೆ ಉರ್ದುವಿನಲ್ಲಿ ತಿಳಿಯಬೇಕು. ತಿಳಿಸುವವಳು ನಾನು. ನನ್ನ ಕಡೆಯಿಂದ ಕೈದಿಗೆ ಒಂದಕ್ಷರ ಹೇಳುವಂತಿರಲಿಲ್ಲ. ಹೆಂಗಸರು ಬಂದರೆ ಜೊತೆಗೆ ಮನೆಯ ಗಂಡಸೊಬ್ಬ ಇರಲೇಬೇಕಿತ್ತು. ನಾವು ಒಯ್ದ ಸಜ್ಜಿ ರೊಟ್ಟಿಯನ್ನು ಪುಡಿ ಪುಡಿ ಮಾಡಿ ನೋಡಿ, ಆ ಪುಡಿಯನ್ನು ಒಳಗೆ ಕಳಿಸುತ್ತಿದ್ದರು. ಇಂಥ ಕಾನೂನು ಮಾಡಿದವರ ಬಾಯಲ್ಲಿ ಮಣ್ಣು ಬೀಳಲಿ.

ಯುದ್ಧದ ಕಾಲ. ಲೇವಿ ಎಂದು ಸರ್ಕಾರ ಮನೆ ಮನೆ ಹೊಕ್ಕು ಜೋಳ ಅಳೆದು ಒಯ್ಯುತ್ತಿತ್ತು. ಕುಷ್ಟಗಿ ಕಡೆಯ ಹಳ್ಳಿಯೊಂದರಲ್ಲಿ ಬೀಜದ ಜೋಳಕ್ಕೂ ಕೈ ಹಾಕಿದ ಕಂದಾಯದ ಅಧಿಕಾರಿ ಗಿರ್ದಾವರನನ್ನು ಒಬ್ಬ ಹುಡುಗ ಹೊಡೆದೇಬಿಟ್ಟ. ವರ್ಷಗಟ್ಟಲೆ ಸಜೆಯಾಯಿತು. ಹೆಂಡತಿ ಇನ್ನೂ ಎಳೆಯಳು, ಮಕ್ಕಳಿರಲಿಲ್ಲ. ಅವಳಪ್ಪ ಕುಲದ ಹಿರಿಯರನ್ನು ಕೂಡಿಸಿ, ಮಗಳನ್ನು ಕನಕಗಿರಿ ಕಡೆಯ ಹೆಂಡತಿ ಸತ್ತವನೊಬ್ಬನಿಗೆ ಉಡಕಿ ಮಾಡಿಕೊಡುತ್ತೇನೆ ಎಂದ. ಉಡಕಿ ಎಂದರೆ ಮರುಮದುವೆ. ಆ ಪದ್ಧತಿಯ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಕುಲದಲ್ಲಿ ನನ್ನಂಥ ವಿಧವೆಗೆ ಅದೂ ಇರಲಿಲ್ಲ. ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಗಂಡ ತನ್ನ ಬಾಯಿಂದ ಬಿಟ್ಟೆ ಎಂದರೆ ಆಗಬಹುದು ಎಂದು ಹಿರಿಯರು ತೀರ್ಮಾನ ಕೊಟ್ಟರು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಆ ಮೀಸೆ ಹೊತ್ತವರಲ್ಲಿ ಒಬ್ಬನಾದರೂ ಕೇಳಬೇಡವೇ?

ಉರ್ದು ಹೇಳಲು ನನ್ನನ್ನೂ ಕರೆದುಕೊಂಡರು. ಕೊಪ್ಪಳದವರೆಗೆ ಚಕ್ಕಡಿಯಲ್ಲಿ ಹೋಗಿ, ಜೈಲಿದ್ದ ಊರಿಗೆ ರೈಲು ಹತ್ತಿದೆವು. ಹುಡುಗಿಯ ಅಪ್ಪ ಗಂಡಸರ ಡಬ್ಬಿಗೆ ಹೋದ, ನಾನೂ ಹುಡುಗಿಯೂ ಹೆಂಗಸರ ಡಬ್ಬಿಯಲ್ಲಿ ಕೂತೆವು. ಗಾಡಿ ಬಿಟ್ಟ ಮೇಲೆ ಅವಳ ಬಾಯಿ ಬಿಚ್ಚಿತು. ಅತ್ತೆ ಒಳ್ಳೆಯವಳು, ಮೇಯಿಸಲು ನಾಲ್ಕು ಆಡುಗಳಿವೆ, ಅವನು ಎಷ್ಟು ವರ್ಷಕ್ಕೆ ಬಂದರೂ ಕಾಯುತ್ತೇನೆ ಎಂದಳು. ಹಾಗಾದರೆ ಅದನ್ನೇ ಅವನ ಮುಂದೆ ಹೇಳು ಎಂದೆ.

"ಅಪ್ಪನ ಮುಂದ ಗಂಡನ ಕೂಡ ಹೆಂಗ ಮಾತಾಡ್ಲಿ ಅಕ್ಕಾರ? ನೀವಽ ಹೇಳ್ರಿ," ಎಂದಳು.

ನಮ್ಮ ಕಡೆ ಹಿರಿಯರ ಎದುರು ಗಂಡನ ಜೊತೆ ಮಾತಾಡುವ ಹೆಂಡತಿಯರಿರಲಿಲ್ಲ. ಮಾತಾಡಿದವಳಿಗೆ ಲಜ್ಜೆಗೇಡಿ ಎಂಬ ಹೆಸರು ಸಾಯುವತನಕ ಅಂಟುತ್ತಿತ್ತು. ನಾನು ಹೇಳಿದರೆ ಜಮಾದಾರ ಬಿಡುವುದಿಲ್ಲ, ನೀನೇ ಹೇಳಬೇಕು, ಇಂಥ ಹೊತ್ತಿನಲ್ಲಿ ಲಜ್ಜೆ ಇಟ್ಟುಕೊಂಡು ಏನು ನೆಕ್ಕುತ್ತೀಯಾ ಎಂದು ಬೈದೆ. ಅವಳು ಹೂಂ ಎಂದಳು.

ಜಾಲರಿಯ ಆಚೆ ಅವನು ಬಂದು ನಿಂತ. ತಲೆ ಬೋಳಿಸಿದ್ದರು. ಹುಡುಗಿ ಸೆರಗನ್ನು ಮುಂದಕ್ಕೆಳೆದುಕೊಂಡು ಅಪ್ಪನ ಹಿಂದೆ ಸರಿದಳು. ಅಪ್ಪ ಮಳೆ ಬೆಳೆ ಎಲ್ಲ ಹೇಳಿ ಕೊನೆಗೆ ಉಡಕಿಯ ಮಾತು ತೆಗೆದ. ಅದನ್ನೂ ಉರ್ದು ಮಾಡಿ ಒಪ್ಪಿಸಿದೆ. ಜಮಾದಾರ ಹಲ್ಲು ಕಿರಿದ. ಆ ಹಲ್ಲು ಉದುರಿಸಬೇಕೆನ್ನಿಸಿತು ನನಗೆ.

ಹುಡುಗ ಜಾಲರಿಗೆ ಹತ್ತಿರ ಬಂದು, "ಆಕಿ ಮನಸಿನ್ಯಾಗ ಏನೈತಿ, ಆಕೀನಽ ಹೇಳ್ಲಿ," ಎಂದ.

ಕಾದೆವು. ಅವಳ ಬಳೆ ಸಣ್ಣಗೆ ಸದ್ದಾಯಿತು. ಮಾತು ಬರಲಿಲ್ಲ. ನಾನು ತೋಳು ಹಿಡಿದು ಅಲ್ಲಾಡಿಸಿದೆ. ಅವಳು ನೆಲದಿಂದ ಕಣ್ಣು ಕೀಳಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಕಾಯ್ತಾಳಪಾ. ದಾರ್ಯಾಗ ನನ್ನ ಮುಂದ ಹೇಳ್ಯಾಳ. ನೀ ಬಿಡಬ್ಯಾಡ," ಎಂದುಬಿಟ್ಟೆ.

ಅಪ್ಪ ಕೆರಳಿದ. ಊರ ಉಸಾಬರಿ ಮಾಡುವ ಹೆಂಗಸು, ತನ್ನದನ್ನು ಸೇರಿಸಿ ಹೇಳುತ್ತಾಳೆ, ನನ್ನ ಮಗಳು ಬಾಯಿ ಬಿಟ್ಟದ್ದನ್ನು ನೀನು ಕೇಳಿದೆಯಾ ಎಂದು ಅಳಿಯನನ್ನು ಕೇಳಿದ. ಕೈದಿಗೆ ಏನು ಹೇಳಿದೆ ಎಂದು ಜಮಾದಾರ ನನ್ನ ಮೇಲೆ ಹರಿಹಾಯ್ದ. ಹುಡುಗ ಆ ಸೆರಗನ್ನೇ ನೋಡುತ್ತಿದ್ದ.

"ಹಂಗಾದ್ರ ಬಿಟ್ಟೀನ್ರಿ ಮಾವಾ. ಎಲ್ಲ್ಯರ ಛಲೋ ಇರ್ಲಿ," ಎಂದ.

ಆ ಮಾತನ್ನೂ ನನ್ನ ಬಾಯಿಂದಲೇ ಉರ್ದುವಿನಲ್ಲಿ ಹೇಳಿಸಿ, ಆಮೇಲೆ ನನ್ನನ್ನು ಹೊರಗೆ ಹಾಕಿದರು. ಮತ್ತೆ ಆ ಬಾಗಿಲು ತುಳಿಯಬಾರದೆಂದು ಹುಕುಂ ಆಯಿತು. ಯಾರ ಯಾರ ತಾಯಂದಿರು ಆಮೇಲೆ ನನ್ನ ಬಾಗಿಲಿಗೆ ಬಂದು ಬರಿಗೈಯಲ್ಲಿ ಹೋದರೋ, ಲೆಕ್ಕವಿಲ್ಲ.

ಬರುವಾಗ ಅದೇ ಹೆಂಗಸರ ಡಬ್ಬಿಯಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನೀವು ಹೇಳಿದಿರಲ್ಲ, ಅವರು ಯಾಕೆ ನಂಬಲಿಲ್ಲ ಎಂದು ನನ್ನನ್ನೇ ಕೇಳಿದಳು. ಸಮಾಧಾನ ಮಾಡುವ ಮನಸ್ಸು ಬರಲಿಲ್ಲ ನನಗೆ. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಸುಗ್ಗಿ ಮುಗಿಯುವುದರೊಳಗೆ ಅವಳನ್ನು ಉಡಕಿ ಮಾಡಿ ಕಳಿಸಿದರು.

ನಿಜಾಮನ ರಾಜ್ಯ ಮುಗಿಯಿತು. ಅವನು ಬಿಡುಗಡೆಯಾಗಿ ಊರಿಗೂ ಹೋಗದೆ ನೇರ ನನ್ನ ಮನೆಗೆ ಬಂದ. ಅಷ್ಟೊತ್ತಿಗೆ ಅವಳಿಗೆ ಎರಡು ಕೂಸು. ಕಟ್ಟೆಯ ಮೇಲೆ ಕೂರಿಸಿ ತಂಬಿಗೆಯಲ್ಲಿ ನೀರು ಕೊಟ್ಟೆ.

"ಅವತ್ತ ನೀವಂದದ್ದು ಆಕಿ ಮಾತೋ, ನಿಮ್ಮ ಮಾತೋ ಅಕ್ಕಾರ?" ಎಂದ.

ನನ್ನ ಮಾತೇ ಎಂದು ಸುಳ್ಳು ಹೇಳಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು. ಆದರೆ ನನಗೆ ಅವನ ಮೇಲೂ ಸಿಟ್ಟಿತ್ತು.

"ಆಕಿದಽ ಮಾತು," ಎಂದೆ.

ಅವನು ತಂಬಿಗೆಯನ್ನು ಬಾಯಿಂದ ಇಳಿಸಿದ. "ಒಂದ ಸಲ ತಲಿ ಎತ್ತಿ ಹೂಂ ಅಂದಿದ್ರ ಸಾಕಿತ್ರಿ. ನಾ ಬಿಡ್ತಿದ್ದಿಲ್ಲ."

"ಅಪ್ಪನ ಮುಂದ ತಲಿ ಎತ್ತಿ ನಿನ್ನ ಕೂಡ ಮಾತಾಡಿದ್ರ, ಇಂಥಾ ಲಜ್ಜಿಗೇಡಿ ನನಗ ಬ್ಯಾಡ ಅಂತಿದ್ದಿಲ್ಲೇನು ನೀನು?" ಎಂದೆ.

ಅವನು ತಲೆ ತಗ್ಗಿಸಿದ. ತಂಬಿಗೆ ಕೆಳಗಿಟ್ಟು ಎದ್ದು ಹೋದ.