ಗೌರಜ್ಜಿಯ ಮನೆಗೆ ಅಮ್ಮ ಹೋದ ಬೇಸಿಗೆ

ಆಗಿನ್ನೂ ಒಂದು ಬೀದಿಗೆಲ್ಲ ಸೇರಿ ಮೂರೋ ನಾಲ್ಕೋ ಮೊಬೈಲುಗಳಿದ್ದ ಕಾಲ. ಯಾರ ಮನೆಗೆ ಹೋಗಬೇಕಾದರೂ ಮುಂಚೆ ತಿಳಿಸುವ ಪದ್ಧತಿ ಇರಲಿಲ್ಲ, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆವು. ನಾವು ಗುಬ್ಬಿಯಲ್ಲಿ ಬಾಡಿಗೆಗಿದ್ದ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಭಾನುವಾರ ಬೆಳಿಗ್ಗೆ ಅಪ್ಪ, ಅಮ್ಮ, ನಾನು ರೈಲು ಹಿಡಿದು ತುಮಕೂರಿನ ಚರ್ಚಿಗೆ ಹೋಗುತ್ತಿದ್ದೆವು. ಉಳಿದ ಆರು ದಿನ ಎಲ್ಲರಂತೆ ಇರುತ್ತಿದ್ದೆವು. ಹಾಗೆಂದು ನಾನಂದುಕೊಂಡಿದ್ದೆ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಎದುರು ಮನೆಯ ಗೌರಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತು ಸ್ವಲ್ಪ ತೊದಲಿದರೂ ಉಳಿಯಿತು. ಮಗ ನಾಗರಾಜಣ್ಣ ಕೊಬ್ಬರಿ ವ್ಯಾಪಾರಕ್ಕೆಂದು ಬೆಳಗಾಗುತ್ತಲೇ ಮನೆ ಬಿಡುತ್ತಿದ್ದ. ಸೊಸೆ ಲತಕ್ಕನ ಕೈಯಲ್ಲಿ ಐದು ತಿಂಗಳ ಕೂಸು. ಮೊಮ್ಮಗಳು ಭವ್ಯ ನನ್ನ ಜೊತೆಯವಳು.

ಅಮ್ಮ ಮದುವೆಗೆ ಮುಂಚೆ ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವಳು. ಮಲಗಿದವರನ್ನು ನೋಯದಂತೆ ಹೊರಳಿಸುವುದು, ಹಾಸಿಗೆಯಲ್ಲೇ ಮೈ ಒರೆಸುವುದು ಅವಳಿಗೆ ಗೊತ್ತಿತ್ತು. ಅಜ್ಜಿ ಆಸ್ಪತ್ರೆಯಿಂದ ಬಂದ ಮಾರನೇ ದಿನ ಯಾರೂ ಕರೆಯದೆಯೇ ಒಂದು ಬೋಸಿ ರಾಗಿ ಗಂಜಿ ತೆಗೆದುಕೊಂಡು ಹೋದಳು. ಆಮೇಲೆ ದಿನಾ ಹೋದಳು. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮನೆ ಕೆಲಸ ಮುಗಿಸಿ, ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟುತ್ತಿದ್ದಳು.

ನಾನೂ ಹಿಂದೆಯೇ. ಅಂಗಳದಲ್ಲಿ ಭವ್ಯಳೂ ನಾನೂ ಕುಂಟೆಬಿಲ್ಲೆ ಆಡುತ್ತಿದ್ದೆವು. ಒಳಗಿಂದ ಸೀಗೆಕಾಯಿಯ ಘಾಟು, ಬಿಸಿ ಹರಳೆಣ್ಣೆಯ ವಾಸನೆ, ಪೂಜೆಯ ವಿಭೂತಿಯ ಪರಿಮಳ ಎಲ್ಲ ಒಟ್ಟಿಗೆ ಬರುತ್ತಿದ್ದವು. ಅಜ್ಜಿಯ ತಲೆ ಒಣಗಿಸಿ ಬಾಚುವಾಗ ಅಮ್ಮನ ತುಟಿ ಅಲುಗುತ್ತಿದ್ದುದನ್ನು ಒಂದು ದಿನ ಅಜ್ಜಿ ಕಂಡಳು.

"ಏನೇ ಅದು, ಮಣಮಣ ಅಂತೀಯ?"

"ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದೀನಿ ಅಜ್ಜಿ. ಬ್ಯಾಡ ಅಂದ್ರೆ ಬುಡ್ತೀನಿ."

"ಯಾವ ದೇವ್ರಿಗೆ?"

"ಯೇಸುಸ್ವಾಮಿಗೆ."

ಅಜ್ಜಿ ಎಡಗೈಯಿಂದ ಬಾಚಣಿಗೆ ತಡೆದಳು. "ಅವ್ನಿಗೆ ಕನ್ನಡ ಬರ್ತದಾ?"

"ನಾನು ಮಾತಾಡೋದೇ ಕನ್ನಡದಲ್ಲಿ ಅಜ್ಜಿ."

"ಹಂಗಾದ್ರೆ ಜೋರಾಗಿ ಮಾಡು. ನನಗೂ ಕೇಳ್ಲಿ."

ಅಂದಿನಿಂದ ಅಮ್ಮ ಜೋರಾಗಿಯೇ ಪ್ರಾರ್ಥಿಸಿದಳು. ಅಜ್ಜಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದನ್ನು ಹೇಳಿದಾಗ ಅಜ್ಜಿ, ನಮ್ಮ ಶರಣರೂ ಅಂಥವರೇ ಕಣೆ ಎಂದು ತನ್ನ ಕಡೆಯ ಕಥೆಯೊಂದನ್ನು ಹೇಳಿದಳಂತೆ. ಮೈ ಒರೆಸಿ ಮುಗಿಸುತ್ತಲೇ ಅಮ್ಮ ಲತಕ್ಕನನ್ನು ಕರೆದು, ಅಜ್ಜಿಯ ಲಿಂಗಪೂಜೆಗೆ ಅಣಿ ಮಾಡಲು ಹೇಳಿ ತಾನು ಹೊರಗೆ ಬರುತ್ತಿದ್ದಳು.

ಇಷ್ಟರಲ್ಲಿ ಅಜ್ಜಿಯನ್ನು ನೋಡಲು ಕುಣಿಗಲ್ ಕಡೆಯಿಂದ ನೆಂಟರು ಬಂದರು. ಎರಡು ದಿನ ಇದ್ದು, ಅಮ್ಮನ ಪ್ರಾರ್ಥನೆ ಕೇಳಿಸಿಕೊಂಡು ಹೋದರು. ಅವರು ಹೋದ ಮೇಲೆ ಬೀದಿಯ ಮಾತೇ ಬದಲಾಯಿತು. ಅಂಗಡಿಯಲ್ಲಿ ಅಮ್ಮ ನಿಂತರೆ ಪಕ್ಕದವರು ಸುಮ್ಮನಾಗುತ್ತಿದ್ದರು. ನಮ್ಮ ಮನೆ ಓನರ್ ಅಪ್ಪನನ್ನು ಕರೆದು, ಮಗನಿಗೆ ಮನೆ ಬೇಕಾಗಬಹುದು, ಬೇರೆ ಕಡೆ ನೋಡಿಕೊಂಡಿರಿ ಎಂದರು. ಅವರ ಮಗ ಇನ್ನೂ ಹೈಸ್ಕೂಲಿನಲ್ಲಿದ್ದ.

ಒಂದು ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಅಳಗುಳಿಮಣೆ ಆಡುತ್ತಿದ್ದಾಗ ಬೀದಿಯ ಹುಡುಗಿಯರೆಲ್ಲರ ಮುಂದೆ ಭವ್ಯ ಕೇಳಿದಳು, "ನಿಮ್ಮಮ್ಮ ನಮ್ಮಜ್ಜಿನ ನಿಮ್ಮ ಕಡೆಗೆ ಸೇರಿಸ್ಕೊತಾರಂತೆ, ನಿಜವೇನೇ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಹುಣಿಸೆ ಬೀಜಗಳು ಬೆವರಿಗೆ ಅಂಟಿಕೊಂಡಿದ್ದವು. "ನಮ್ಮಮ್ಮ ಪ್ರಾರ್ಥನೆಗೀರ್ಥನೆ ಏನೂ ಮಾಡಲ್ಲ. ನಾವೇನೂ ಅಷ್ಟೊಂದು ಕ್ರಿಶ್ಚಿಯನ್ಸ್ ಅಲ್ಲ," ಎಂದೆ.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ನಾಗರಾಜಣ್ಣ ಊಟಕ್ಕೆ ಬರುವ ಹೊತ್ತು ನೋಡಿಕೊಂಡು ನನ್ನ ಕೈ ಹಿಡಿದು ಅವರ ಮನೆಗೆ ನಡೆದಳು. ಅವಳ ಅಂಗೈ ತಣ್ಣಗಿತ್ತು.

ಪ್ರಾರ್ಥನೆ ಮಾಡಿದ್ದು ನಿಜವೆಂದೂ, ಅಜ್ಜಿಯೇ ಜೋರಾಗಿ ಮಾಡು ಅಂದದ್ದೂ ನಿಜವೆಂದೂ, ಆದರೆ ನಿಮ್ಮ ದೇವರನ್ನು ಬಿಡಿ ಎಂದು ಒಂದು ದಿನವೂ ಹೇಳಿಲ್ಲವೆಂದೂ ಅಮ್ಮ ನಿಂತಲ್ಲೇ ಹೇಳಿದಳು. ನಾಗರಾಜಣ್ಣ ತಟ್ಟೆಯ ಮುಂದೆ ಕೂತಿದ್ದ. ಮುದ್ದೆ ಮುರಿದ ಕೈ ಹಾಗೇ ನಿಂತಿತು.

"ಸೇವೆ ಮಾಡಿ ಸುಶೀಲಕ್ಕ, ಬ್ಯಾಡ ಅನ್ನಲ್ಲ. ಆ ಹೆಸರು ಎತ್ಬೇಡಿ, ಅಷ್ಟೇ. ನೆಂಟರಿಷ್ಟರಿಗೆ ನಾನು ಉತ್ತರ ಕೊಡ್ಬೇಕು."

"ಯಾಕೆ ಬರ್ತೀಯ ಅಂತ ಅಜ್ಜಿ ಕೇಳ್ತಾರೆ, ನಾಗರಾಜಣ್ಣ. ಅದ್ಕೆ ಇರೋದು ಒಂದೇ ಉತ್ತರ. ಸುಳ್ಳು ಹೇಳ್ಕೊಂಡು ಅವ್ರ ಮೈ ಮುಟ್ಟಕ್ಕೆ ನನ್ನ ಕೈಲಿ ಆಗಲ್ಲ."

"ಹಂಗಾದ್ರೆ ಬರ್ಬೇಡಿ."

ಅಮ್ಮ ಆಗಲಿ ಎಂದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಲತಕ್ಕನಿಗೆ ತೋರಿಸಿಕೊಟ್ಟು, ಸೊಂಟದ ಕೆಳಗೆ ದಿಂಬು ಎಲ್ಲಿಡಬೇಕೆಂದು ಹೇಳಿ, ಅಜ್ಜಿಯ ತಲೆ ನೇವರಿಸಿ ಹೊರಗೆ ಬಂದಳು.

ಮಾರನೇ ದಿನ ಹನ್ನೊಂದಕ್ಕೆ ಅವಳು ಮತ್ತೆ ಸೆರಗು ಸಿಕ್ಕಿಸಿದಳು. ರಸ್ತೆ ದಾಟಿ ಅವರ ಗೇಟಿನ ಹೊರಗೆ ನಿಂತು, ಅಜ್ಜಿನ ಹೊರಳಿಸಿದೆಯೇನಮ್ಮ ಎಂದು ಲತಕ್ಕನನ್ನು ಕೇಳಿ ಹಿಂದಿರುಗಿದಳು. ಬೀದಿಯವರು ನೋಡುತ್ತಿದ್ದರು. ನಾಚಿಕೆಯಿಂದ ನಾನು ಹಿತ್ತಿಲಿಗೆ ಓಡಿದೆ. ಯಾಕಮ್ಮ ಹೋಗ್ತೀಯ ಎಂದು ಗೋಗರೆದೆ. ಒಳಗೆ ಬರಬೇಡ ಅಂದರು, ಗೇಟಿನ ಹತ್ತಿರ ಬರಬೇಡ ಅನ್ನಲಿಲ್ಲವಲ್ಲ ಎಂದಳು. ಒಂದು ದಿನವೂ ತಪ್ಪಿಸಲಿಲ್ಲ.

ಲತಕ್ಕನಿಗೆ ಕೂಸು, ಅಡುಗೆ, ಅಜ್ಜಿ ಮೂರನ್ನೂ ಸಂಭಾಳಿಸುವುದು ಆಗಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ನಾಗರಾಜಣ್ಣನೇ ನಮ್ಮ ಬಾಗಿಲಿಗೆ ಬಂದ. ಅವ್ವನ ಬೆನ್ನು ಹುಣ್ಣಾಗಿದೆ, ಬನ್ನಿ ಎಂದ. ಅಮ್ಮನಿಗೆ ಕಣ್ಣೀರು ಬಂತು. ಆದರೂ ಹೊಸಿಲಲ್ಲೇ ನಿಂತು, "ಬರ್ತೀನಿ. ಮೊದ್ಲೇ ಹೇಳ್ಬುಡ್ತೀನಿ, ಅಜ್ಜಿ ಕೇಳಿದ್ರೆ ಪ್ರಾರ್ಥನೆ ಮಾಡ್ತೀನಿ," ಎಂದಳು.

ಅವನು ನೆಲ ನೋಡಿದ. "ಕೇಳಿದ್ರೆ ಮಾತ್ರ."

"ಕೇಳಿದ್ರೆ ಮಾತ್ರ."

ಆ ದಿನ ಅಂಗಳದಲ್ಲಿ ನಾನು ಭವ್ಯಳಿಗೆ, ಅವತ್ತು ನಾನು ಹೇಳಿದ್ದು ಸುಳ್ಳು ಎಂದೆ. ಮಿಕ್ಕ ಹುಡುಗಿಯರೂ ಅಲ್ಲೇ ಇದ್ದರು. ಅವರಿಗೂ ಕೇಳಲೆಂದೇ ಇನ್ನೊಮ್ಮೆ ಹೇಳಿದೆ. "ಗೊತ್ತು ಕಣೇ. ನಾನೇ ದಿನಾ ಕೇಳಿಸ್ಕೊತಿದ್ದೆ," ಎಂದಳು ಭವ್ಯ. ಇಬ್ಬರು ಆಟ ಬಿಟ್ಟು ಮನೆಗೆ ಹೋದರು. ಭವ್ಯ ಆಟ ಬಿಡಲಿಲ್ಲ.

ಅಜ್ಜಿ ದಿನವೂ ಕೇಳಿದಳು. ಆಷಾಢದಲ್ಲಿ ತೀರಿಕೊಂಡಳು, ಕೊನೆತನಕ ತನ್ನ ಲಿಂಗ ಧರಿಸಿಯೇ. ಅವರ ಸಂಪ್ರದಾಯದಂತೆ ಕೂರಿಸಿ ಮಣ್ಣು ಮಾಡಿದರು. ಮಣ್ಣಿಗೆ ಮುಂಚೆ ಮೈ ತೊಳೆಯಲು ಲತಕ್ಕ ಅಮ್ಮನನ್ನೇ ಕರೆದಳು. ನೆಂಟರು ಗೊಣಗಿದರು. ನಾಗರಾಜಣ್ಣ ಅವರ ಕಡೆ ತಿರುಗಲಿಲ್ಲ. ಇಷ್ಟೆಲ್ಲ ಮಾಡಿ ಏನಾಯಿತು ಎಂದು ಅಪ್ಪ ಕೇಳಿದಾಗ, ಕೇಳಿದರು, ಹೇಳಿದೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದಳು ಅಮ್ಮ. ಮನೆ ಮಾತ್ರ ನಾವು ಖಾಲಿ ಮಾಡಬೇಕಾಯಿತು.

ಈಗ ನಾನು ತುಮಕೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಅಮ್ಮ ಹೋಗಿ ಮೂರು ವರ್ಷ. ಇಲ್ಲಿ ನೆರೆಯವರನ್ನು ನೋಡಲು ಹೋಗುವ ಮುಂಚೆ ಫೋನ್ ಮಾಡಬೇಕು. ಯಾರಿಗಾದರೂ ನನ್ನ ಬಗ್ಗೆ ಬೇಸರವಾದರೆ ಅದು ವಾಟ್ಸಾಪ್ ಗ್ರೂಪಿನಲ್ಲಿ ಯಾರ ಹೆಸರೂ ಇಲ್ಲದ ಸಂದೇಶವಾಗಿ ಬರುತ್ತದೆ. ಬರಬೇಡ ಎಂದರೂ ಎದುರು ನಿಂತು ಹೇಳುತ್ತಿದ್ದ, ಬೇಕಾದಾಗ ಮತ್ತೆ ಅದೇ ಬಾಗಿಲಿಗೆ ಬರುತ್ತಿದ್ದ ನಾಗರಾಜಣ್ಣನಂಥವರು ಈಗ ಎಲ್ಲಿ? ಎದುರು ನಿಂತು ಹೇಳುವ ಆ ಗುಣ ಕಳೆದುಹೋದದ್ದು ಇಲ್ಲಿಯ ನೆರೆಯವರಲ್ಲಿ ಮಾತ್ರವಲ್ಲ, ನನ್ನಲ್ಲೂ. ಕೆಳಗಿನ ಮನೆಯ ಮೇಡಂಗೆ ಕಾಲು ಮುರಿದಾಗ ತಿಂಗಳು ಕಾಲ ಊಟ ಕೊಟ್ಟೆ. ಯಾಕಮ್ಮ ಇಷ್ಟು ಮಾಡ್ತೀಯ ಎಂದು ಅವರು ಕೇಳಿದಾಗ, ಸುಮ್ಮನೆ, ಮನುಷ್ಯತ್ವ ಎಂದುಬಿಟ್ಟೆ. ಮೆಟ್ಟಿಲು ಹತ್ತುವಾಗ ಭವ್ಯಳ ಮುಂದೆ ಹೇಳಿದ ಸುಳ್ಳು ನೆನಪಾಯಿತು. ಅರ್ಧದಲ್ಲಿ ನಿಂತೆ. ಮತ್ತೆ ಇಳಿದು ಹೋಗಿ ಅವರ ಬೆಲ್ ಒತ್ತಿದೆ.