ತುಟಿಗೆ ತಾಗದ ಪಂಪು

ಲೋಟಕ್ಕೆ ತುಟಿ ತಾಗಿಸದೆ ನೀರು ಕುಡಿಯಲು ನಿಮಗೆ ಬರುತ್ತದೆಯೇ? ಬರುವುದಿಲ್ಲವಾದರೆ ಒಮ್ಮೆ ಪ್ರಯತ್ನಿಸಿ, ಮೈಮೇಲೆ ಚೆಲ್ಲಿಕೊಂಡು, ಬಟ್ಟೆ ಬದಲಾಯಿಸಿ ಬನ್ನಿ. ನಾನು ಕಾದಿರುತ್ತೇನೆ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವವಳಿಗೆ ಏನು ಅವಸರ.

ನನ್ನ ಅಕ್ಕ ಅದರಲ್ಲಿ ಪಳಗಿದವಳು. ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಗೇಣುದ್ದ ಮೇಲೆ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಗಟಗಟ ಕುಡಿಯುತ್ತಿದ್ದಳು. ತುಟಿ ತಾಗಿದರೆ ಎಂಜಲು. ಮೈಸೂರಿನಲ್ಲಿ ಅವಳೂ ಭಾವನೂ ಕಾಲೇಜು ಹುಡುಗರಿಗೆ ಮೆಸ್ ನಡೆಸುತ್ತಿದ್ದರು. ಮರದ ಹೊಟ್ಟಿನ ಒಲೆ, ಗಾಳಿಯಾಡದ ಅಡಿಗೆಮನೆ. ಮಕ್ಕಳಿರಲಿಲ್ಲ. ನನ್ನ ಮಗಳನ್ನು ಎಳೆಯ ಕೂಸಿನಿಂದ ಎರೆದು ಬೆಳೆಸಿದವಳು ಅವಳೇ. ಭಾವ ತೀರಿಕೊಂಡ ಮೇಲೆ, ತೊಂಬತ್ತರ ದಶಕದಲ್ಲಿ, ಅಮೆರಿಕದ ಎಲಿಕಾಟ್ ಸಿಟಿಯ ನಮ್ಮ ಮನೆಗೆ ಬಂದಳು. ಸೂಟ್‌ಕೇಸಿನ ಜೊತೆಗೆ ಕೆಮ್ಮನ್ನೂ ತಂದಿದ್ದಳು. ಬಂದದ್ದು ಹೂವರಳುವ ಕಾಲದಲ್ಲಾದ್ದರಿಂದ, ದೇವಸ್ಥಾನದಲ್ಲಿ ಸಿಕ್ಕವರೆಲ್ಲ "ಪೋಲನ್ ಅಲರ್ಜಿ ಆಂಟಿ, ಹೂವಿನ ಧೂಳು, ನಮಗೂ ಹೀಗೇ ಆಗತ್ತೆ" ಎಂದರು.

ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹೋದಾಗಲೆಲ್ಲ ನರ್ಸ್ ಕೇಳುತ್ತಿದ್ದ ಮೊದಲ ಪ್ರಶ್ನೆ, ಸಿಗರೇಟು ಸೇದುತ್ತಾರಾ ಎಂದು.

ಅಕ್ಕ ನನ್ನ ಕಡೆ ತಿರುಗಿ, "ಕೇಳೇ ಅವಳನ್ನ, ನನ್ನ ಮುಖ ನೋಡಿದ್ರೆ ಬೀಡಿ ಸೇದೋಳ ಥರ ಕಾಣತ್ತಾ ಅಂತ" ಎನ್ನುತ್ತಿದ್ದಳು.

ನಾನು ನೋ ಎನ್ನುತ್ತಿದ್ದೆ. ನರ್ಸ್ ಬರೆದುಕೊಳ್ಳುತ್ತಿದ್ದಳು. ಹೊಗೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಲರ್ಜಿ ಮಾತ್ರೆ ಕೊಟ್ಟರು, ಆಮೇಲೆ ಆಸ್ತಮಾ ಇರಬಹುದೆಂದು ಔಷಧಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಒಂದು ಪಂಪು ಕೊಟ್ಟರು. ಬಳಸುವ ಬಗೆಯನ್ನು ನರ್ಸೇ ತೋರಿಸಿದಳು. ಇನ್ನೊಬ್ಬರು ಬಾಯಿಗಿಡುವ ಪಂಪನ್ನು ತಾನು ಬಾಯಿಗಿಟ್ಟುಕೊಳ್ಳುವುದುಂಟೇ? ತನ್ನ ಮುಖದಿಂದ ಒಂದಿಷ್ಟು ದೂರ ಹಿಡಿದು, ಹೀಗೆ ಒತ್ತಿ, ಹೀಗೆ ಉಸಿರೆಳೆಯಿರಿ ಎಂದಳು. ಅಕ್ಕನಿಗೆ ಪರಮಾನಂದ.

ಕಾರಿನಲ್ಲಿ ಕೂತ ಮೇಲೆ, "ಈ ದೇಶದೋರಿಗೂ ಎಂಜಲು ಗೊತ್ತು ಕಣೇ" ಎಂದಳು.

ಅಂದಿನಿಂದ ಬೆಳಿಗ್ಗೆ ಸಂಜೆ, ಮಡಿಸೀರೆ ಉಟ್ಟು, ತಲೆ ಹಿಂದಕ್ಕೆ ಬಾಗಿಸಿ, ಪಂಪನ್ನು ಗೇಣುದ್ದ ಮೇಲೆ ಹಿಡಿದು, ಬಾಯಿ ತೆರೆದು ಒತ್ತಿಕೊಳ್ಳುತ್ತಿದ್ದಳು. ನಾನೂ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅಕ್ಕ ಏನನ್ನಾದರೂ ಹಾಗೇ ಅಲ್ಲವೇ ಕುಡಿಯುವುದು.

ಕೆಮ್ಮು ಇಳಿಯಲಿಲ್ಲ. ಕ್ಲಿನಿಕ್ಕಿನಲ್ಲಿ ಪಂಪನ್ನು ಹೆಚ್ಚು ಸಲ ಒತ್ತಿಕೊಳ್ಳಿ ಎಂದರು, ಒತ್ತಿಕೊಂಡಳು. ಮಹಡಿ ಮೆಟ್ಟಿಲನ್ನು ಅರ್ಧ ಹತ್ತಿ ಕೂತುಬಿಡುತ್ತಿದ್ದಳು. ಕೇಳಿದರೆ, "ವಯಸ್ಸಾಯ್ತಲ್ಲ, ಕೂರೋದೂ ಬೇಡ್ವಾ" ಎನ್ನುವಳು. ಆ ಚಳಿಗಾಲಕ್ಕೆ ಅವಳ ಹಾಸಿಗೆಯನ್ನು ಕೆಳಗೆ ಲಿವಿಂಗ್ ರೂಮಿಗೆ ತಂದೆವು. ಮಡಿಸೀರೆ ಮಾತ್ರ ಮೇಲಿನ ಬಚ್ಚಲುಮನೆಯ ಸರಳಿನಲ್ಲೇ ಉಳಿಯಿತು. ಅದನ್ನು ಬೇರೆಯವರು ಮುಟ್ಟುವಂತಿಲ್ಲ, ಅವಳು ಹತ್ತುವಂತಿಲ್ಲ.

ಮಗಳು ಆಗ ಬಸುರಿ, ಬಾಣಂತನಕ್ಕೆ ನಮ್ಮಲ್ಲಿಗೇ ಬಂದಿದ್ದಳು. ಮಗುವಿಗೆ ಮೊದಲ ಎಣ್ಣೆನೀರು ತಾನೇ ಎರೆಯಬೇಕು, ಅಕ್ಕನಿಗೆ ಅದೊಂದೇ ಆಸೆ. ಬಚ್ಚಲುಮನೆ ಇದ್ದದ್ದು ಮಹಡಿಯ ಮೇಲೆ.

"ಡಾಕ್ಟರಿಗೆ ಹೇಳು, ಇನ್ನೇನೂ ಬೇಡ, ಆ ಮೆಟ್ಲು ಹತ್ತೋ ಹಾಗೆ ಮಾಡ್ಲಿ ಸಾಕು" ಎಂದಳು. ಹೇಳಿದೆ. ಆ ದಿನ ಡಾಕ್ಟರು ಪೆನ್ನು ಕೆಳಗಿಟ್ಟು, ಪಂಪು ಹೇಗೆ ತೆಗೆದುಕೊಳ್ಳುತ್ತಾರೆ, ನನ್ನ ಮುಂದೆ ತೋರಿಸಲಿ ಎಂದರು.

ಅಕ್ಕ ತೋರಿಸಿದಳು. ಬಿಳಿಯ ಮಂಜು ಬಂದು ಅವಳ ಕನ್ನಡಕದ ಮೇಲೆ, ಹಣೆಯ ಮೇಲೆ ಕೂತಿತು. ಬಾಯೊಳಗೆ ಹೋದದ್ದು ಏನೂ ಇರಲಾರದು.

ಡಾಕ್ಟರು ನಗಲಿಲ್ಲ. ನರ್ಸ್ ನೆಲ ನೋಡಿದಳು. ಆಮೇಲೆ ಡಾಕ್ಟರು ಬೇರೆಯದೇ ಪ್ರಶ್ನೆ ಕೇಳಿದರು, ಇವರು ಅಡಿಗೆ ಮಾಡುತ್ತಿದ್ದದ್ದು ಯಾವ ಒಲೆಯಲ್ಲಿ ಎಂದು. ಹೇಳಿದೆ. ಉಸಿರು ಊದಿಸಿ ಪರೀಕ್ಷೆ ಮಾಡಿಸಿದರು. ಸಿಗರೇಟು ಸೇದದಿದ್ದರೂ ಒಲೆಯ ಹೊಗೆ ಶ್ವಾಸಕೋಶವನ್ನು ಹಾಗೇ ತಿಂದಿದೆ, ಹೋದದ್ದು ಮರಳಿ ಬರುವುದಿಲ್ಲ, ಪಂಪನ್ನು ಸರಿಯಾಗಿ ತೆಗೆದುಕೊಂಡರೆ ಸ್ವಲ್ಪ ಸಲೀಸಾಗಬಹುದು ಎಂದರು. ಇದನ್ನು ಮೊದಲೇ ಕೇಳಬೇಕಿತ್ತು ಎಂದೂ ಅಂದರು. ನಾನು ಅಕ್ಕನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಅಂದ್ರೆ ಇಷ್ಟು ದಿನ ನಿಮ್ಮನೆ ಗೋಡೆಗೆ ಔಷಧಿ ಹಾಕ್ದೆ ಅನ್ನು" ಎಂದಳು. ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ, ಪಂಪನ್ನು ಮೊದಲ ಸಲ ತುಟಿಯ ನಡುವೆ ಇಟ್ಟುಕೊಂಡಳು.

ರಾತ್ರಿಯ ಕೆಮ್ಮು ಕಡಿಮೆಯಾಯಿತು. ಮೆಟ್ಟಿಲು ಮಾತ್ರ ದಕ್ಕಲಿಲ್ಲ.

ಮಗು ಹುಟ್ಟಿತು. ಕೊನೆಗೆ ನಾವು ಅಡಿಗೆಮನೆಯ ಸಿಂಕನ್ನೇ ತಿಕ್ಕಿ ತೊಳೆದು ಬಿಸಿನೀರು ತುಂಬಿಸಿದೆವು. ಎಂಜಲು ತಟ್ಟೆ ತೊಳೆಯುವ ಜಾಗವದು. ಅಕ್ಕ ಅದರ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಎರಡು ತಂಬಿಗೆ ಎರೆದು, ನಿಲ್ಲಿಸಿ, ಉಸಿರು ಕೂಡಿಸಿಕೊಂಡು, ಮತ್ತೆ ಎರೆದಳು. ಮಗು ಅಳಲಿಲ್ಲ. ಅಕ್ಕನ ಎದೆಯ ಸುಂಯ್‌ ಸುಂಯ್ ಸದ್ದನ್ನು ಕೇಳುತ್ತ ಕಣ್ಣು ಬಿಟ್ಟುಕೊಂಡಿತ್ತು.

ಮುಂದಿನ ಚಳಿಗಾಲವನ್ನು ಅಕ್ಕ ನೋಡಲಿಲ್ಲ. ಮೇಲಿನ ಸರಳಿನಲ್ಲಿದ್ದ ಸೀರೆಯನ್ನು ಕೊನೆಗೆ ನಾನೇ ಮುಟ್ಟಿ ಮಡಿಚಿದೆ.

ಮಗುವಿಗೆ ಎರೆದ ಆ ದಿನ, ಅವಳು ಸುಧಾರಿಸಿಕೊಳ್ಳುತ್ತಿದ್ದುದನ್ನು ನೋಡಲಾರದೆ, ನಗಿಸೋಣವೆಂದು ನಾನು ರೇಗಿಸಿದ್ದೆ: "ಎಂಜಲು ಸಿಂಕಲ್ಲಿ ಮಗೂಗೆ ಎರೀತಿದೀಯಲ್ಲಕ್ಕಾ, ನಿನ್ನ ಮಡಿ ಎಲ್ಲಿ ಹೋಯ್ತು?"

ಅಕ್ಕ ಮಗುವಿನ ಕಿವಿಗೆ ನೀರು ಹೋಗದಂತೆ ಕೈ ಅಡ್ಡ ಹಿಡಿದು, ನನ್ನ ಕಡೆ ತಿರುಗದೆ ಅಂದಳು:

"ಮೇಲೇ ಇದೆ ಕಣೇ. ನನಗೆ ಹತ್ತಕ್ಕಾಗಲ್ಲ, ನೀನೇ ಹೋಗಿ ತಗೊಂಡು ಬಾ."